ನಡುಗುವ ರೆಕಾರ್ಡು

"ನನ್ನ ಸೆಟ್ಟು ಬರೋಬ್ಬರಿ ಇತ್ರಿ ಅಕ್ಕೋರ. ಹಾಡಿದಾಕಿ ದನಿನ ಬರೋಬ್ಬರಿ ಇದ್ದಿದ್ದಿಲ್ಲ."

ಬೈಲಹೊಂಗಲದ ಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಚಾಚಾ ಹೀಗೆ ಅಂದ ದಿನ ನಾನು ಛತ್ರಿಯನ್ನು ಅವರ ಅಂಗಡಿಯಲ್ಲೇ ಮರೆತು, ಮಳೆಯಲ್ಲಿ ನೆನೆಯುತ್ತ ಮನೆಗೆ ಬಂದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ತೊಂಬತ್ತರ ದಶಕದ ನಡುವಿನ ಮಾತಿದು. ನಾನು ಆಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹಾಗಾಗಿ ಊರಿಗೆಲ್ಲ ನಾನು ಅಕ್ಕೋರು.

ಅವರು ತಪ್ಪು ಹೊರಿಸಿದ ದನಿ ನನ್ನ ಸೋದರತ್ತೆಯದು, ಅಪ್ಪನ ತಂಗಿಯದು. ನಾವು ಅತ್ತಿ ಅನ್ನುತ್ತಿದ್ದೆವು. ಹರೆಯದಲ್ಲಿ ಅವಳು ನಾಟಕ ಕಂಪನಿಯಲ್ಲಿ ಹಾಡುತ್ತಿದ್ದಳು. ಅವಳದು ಒಂದೇ ಒಂದು ರೆಕಾರ್ಡು ಬಂದಿತ್ತು, ಎರಡು ಬಾಜುವಿಗೆ ಎರಡು ಹಾಡು. ಮದುವೆಯಾಗಿ ರಾಮದುರ್ಗದ ಕಡೆಯ ಸಾಲಹಳ್ಳಿಗೆ ಹೋದ ಮೇಲೆ, ಅಲ್ಲಿಯ ಒಂದು ಮದುವೆಯಲ್ಲಿ ಆ ರೆಕಾರ್ಡನ್ನು ತಾನೇ ತಂದು ಮೈಕ್ ಸೆಟ್ಟಿನವರ ಕೈಗೆ ಕೊಟ್ಟಳು. ನನಗಾಗ ಏಳೋ ಎಂಟೋ ವಯಸ್ಸು. ಬೇವಿನ ಗಿಡಕ್ಕೆ ಕಟ್ಟಿದ ಹಾರ್ನಿನಿಂದ ಹಾಡು ಬಂತು. ಮೊದಲ ಸಾಲು ಪರವಾಗಿರಲಿಲ್ಲ. ಹೋಗ್ತಾ ಹೋಗ್ತಾ ದನಿ ಏರಿಳಿಯತೊಡಗಿತು. ಯಾರೋ, "ಏ, ಹಾಡಾಕಿಗೆ ಥಂಡಿ ಹತ್ತೇತಿ, ಕಂಬಳಿ ಹೊಚ್ಚರೋ!" ಅಂದರು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತಿ ಎದ್ದು ಹೋಗಿ ರೆಕಾರ್ಡು ಇಸಿದುಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ನಡೆದಳು. ಆಮೇಲೆ ಅವಳು ಹಾಡಿದ್ದನ್ನು ಯಾರೂ ಕೇಳಲಿಲ್ಲ. ತೊಟ್ಟಿಲು ತೂಗುವಾಗಲೂ ಇಲ್ಲ, ಜ್ವಾಳ ಬೀಸುವಾಗಲೂ ಇಲ್ಲ.

ಇಪ್ಪತ್ತೈದು ವರ್ಷ ಕಳೆದ ಮೇಲೆ ಒಂದು ದಿನ ಮಕ್ಕಳಿಗೆ ಶಬ್ದದ ಪಾಠ ಮಾಡುತ್ತಿದ್ದೆ. ತಿರುಗುವ ವೇಗ ಬದಲಾದರೆ ಸ್ವರವೂ ಬದಲಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದವಳು ಸುಣ್ಣದ ಕಡ್ಡಿ ಹಿಡಿದು ಹಾಗೇ ನಿಂತುಬಿಟ್ಟೆ. ಅತ್ತಿಯ ದನಿ ನಡುಗಿರಲಿಲ್ಲ! ಮಷಿನ್ನು ನಡುಗಿತ್ತು! ಇಷ್ಟು ಸಣ್ಣ ಮಾತು ಹೊಳೆಯಲು ಇಷ್ಟು ವರ್ಷ ಬೇಕಾಯಿತೇ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇದನ್ನು ಸಾಬೀತು ಮಾಡಿ ತೋರಿಸಿಯೇ ತೀರುತ್ತೇನೆ ಅಂತ ಹಟ ತೊಟ್ಟೆ. ಆ ಮದುವೆಗೆ ಸೆಟ್ಟು ಹಚ್ಚಿದವರು ಇದೇ ಚಾಚಾ. ಕ್ಯಾಸೆಟ್ಟು ಬಂದ ಮೇಲೆ ಅವರ ರೆಕಾರ್ಡಿನ ಮಷಿನ್ನು ಅಟ್ಟ ಸೇರಿತ್ತು. ಅಂಗಡಿಗೆ ಹೋಗಿ, ತಪ್ಪು ನಿಮ್ಮ ಮಷಿನ್ನಿನದು ಅಂದದ್ದಕ್ಕೇ ಅವರ ಬಾಯಿಂದ ಆ ಮಾತು ಬಂದದ್ದು.

ಮರುದಿನ ಛತ್ರಿ ತರುವ ನೆವದಲ್ಲಿ ಮತ್ತೆ ಹೋದೆ. ಚಾಚಾ ಮಷಿನ್ನು ಕೆಳಗಿಳಿಸಿ, ಒರೆಸಿ, ನನಗಾಗಿಯೇ ಕಾಯುತ್ತಿದ್ದರು. ಅವರಿಗೂ ರಾತ್ರಿ ನಿದ್ದೆ ಬಂದಿರಲಿಲ್ಲವಂತೆ.

"ಕುಂದರ್ರಿ. ಏನ್ ತಪ್ಪೈತಿ ಇದರಾಗ, ಹೇಳ್ರಿ."

ನಾನು ಹೇಳಿದೆ. ಮೋಟರಿಗೂ ತಟ್ಟೆಗೂ ನಡುವೆ ರಬ್ಬರಿನ ಗಾಲಿ ಒತ್ತಿಕೊಂಡು ತಿರುಗುತ್ತದೆ, ಮೋಟರಿನ ಅದುರಾಟವೆಲ್ಲ ಹಾಡಿಗೆ ಬರುತ್ತದೆ; ಗಾಲಿ ತೆಗೆದು, ಮೋಟರು ದೂರವಿಟ್ಟು, ರಬ್ಬರಿನ ಪಟ್ಟಾದಿಂದ ತಿರುಗಿಸಬೇಕು. ತಟ್ಟೆ ಹಗುರ, ಕರೆಂಟು ಹೆಚ್ಚುಕಮ್ಮಿಯಾದರೆ ಅದೂ ಹೆಚ್ಚುಕಮ್ಮಿ. ಇನ್ನು ಮುಳ್ಳು ಹಿಡಿದ ಕೈಯ ತಲೆಯ ಮೇಲೆ ಎಂಟಾಣೆ ನಾಣ್ಯ ಅಂಟಿಸಿದ್ದೀರಲ್ಲ, ಅದು ರೆಕಾರ್ಡಿನ ಗೆರೆಗಳನ್ನು ಅರೆದು ಹಿಟ್ಟು ಮಾಡುತ್ತದೆ.

"ಅರೇ ತೋಬಾ!" ಚಾಚಾ ಗಡ್ಡ ಹಿಡಿದುಕೊಂಡರು. "ನಾಣ್ಯ ಇಲ್ಲಾಂದ್ರ ಮಂದಿ ಕುಣಿಯುವಾಗ ಮುಳ್ಳು ಜಿಗೀತೈತ್ರಿ. ಟ್ರ್ಯಾಕ್ಟರ್ ಮ್ಯಾಲ ಇಟ್ಟು ಮೆರವಣಿಗಿ ಮಾಡೇನಿ ನಾ. ನಿಮ್ಮ ಪಟ್ಟಾ ಹಾಕಿದ್ದು ಬ್ಯಾಸಗಿ ಬಿಸಲಿಗೆ ಹಿಗ್ಗಿ ಚಡ್ಡಿ ಲಾಡಿ ಆಗತೈತಿ."

"ನಿಮಗ ಜಿಗಿಯದ ಮಷಿನ್ ಬೇಕು, ನನಗ ಖರೇ ಹೇಳೂ ಮಷಿನ್ ಬೇಕು."

"ಜಿಗದ್ರ ಖರೇ ಎಲ್ಲಿಂದ ಹೇಳೀತ್ರಿ?"

ಹೀಗೆ ಒಂದು ತಿಂಗಳು ಜಗಳ ನಡೆಯಿತು. ಶಾಲೆ ಬಿಟ್ಟ ಕೂಡಲೇ ನಾನು ಅಲ್ಲಿ ಹಾಜರು. ಪೇಟೆಯವರು ನಕ್ಕರೆ ನಗಲಿ. ಕೊನೆಗೆ ಜಗಳವಾಡುತ್ತಲೇ ಇಬ್ಬರೂ ಸೇರಿ ಹೊಸ ಮಷಿನ್ನು ಮಾಡಿದೆವು. ಲೇಥ್ ಅಂಗಡಿಯಲ್ಲಿ ಭಾರದ ಕಬ್ಬಿಣದ ತಟ್ಟೆ ಕಡೆಸಿದೆ, ಒಮ್ಮೆ ತಿರುಗಲು ಹತ್ತಿದರೆ ಕರೆಂಟಿನ ಏರಿಳಿತಕ್ಕೆ ಜಗ್ಗಬಾರದು ಎಂದು. ಅದರ ಕೆಳಗೆ ಒಂದೇ ಒಂದು ಉಕ್ಕಿನ ಗುಂಡು ಇರಲಿ, ಅದರ ಮೇಲೇ ತಟ್ಟೆ ತಿರುಗಲಿ ಎಂದವರು ಚಾಚಾ. ಎಲ್ಲದರ ತಳದಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲು. ಮೋಟರು ದೂರ, ನಡುವೆ ಪಟ್ಟಾ. ಪಟ್ಟಾದ ವಿಷಯದಲ್ಲಿ ನಾನು ಗೆದ್ದೆ. ನಾಣ್ಯದ ವಿಷಯದಲ್ಲಿ ಅವರು ಸೋತರೂ ಒಪ್ಪಲಿಲ್ಲ, ನಾಣ್ಯ ಕಿತ್ತು ಜೇಬಿಗೆ ಹಾಕಿಕೊಂಡರು ಅಷ್ಟೇ.

ವೇಗ ಅಳೆಯಲು ದುಂಡನೆಯ ಕಾಗದದ ಮೇಲೆ ಎಪ್ಪತ್ತೇಳು ಗೆರೆ ಎಳೆದೆ. ತಟ್ಟೆ ಸರಿಯಾದ ವೇಗದಲ್ಲಿ ತಿರುಗುವಾಗ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಆ ಗೆರೆಗಳು ನಿಂತಂತೆ ಕಾಣಬೇಕು. ನಿಂತವು. ಚಾಚಾ ಕಣ್ಣುಜ್ಜಿಕೊಂಡು ಮೂರು ಸಲ ನೋಡಿ, "ಶಾಣ್ಯಾ ಇದ್ದೀರಿ ಬಿಡ್ರಿ ಅಕ್ಕೋರ" ಅಂದರು. ನಾನು ಉಬ್ಬಿದೆ, ನಿಜ ಹೇಳುತ್ತೇನೆ. ಆ ಉಬ್ಬಿನಲ್ಲೇ ಒಂದು ದಡ್ಡತನ ಮಾಡಿದೆ. ರೆಕಾರ್ಡನ್ನು ಮೊದಲು ನಾವಷ್ಟೇ ಕೇಳಿ ನೋಡುವುದು ಬಿಟ್ಟು, ಅತ್ತಿಯ ಮುಂದೆಯೇ ಮೊದಲ ಸಲ ಹಚ್ಚುತ್ತೇನೆ ಎಂದು ಅವಳನ್ನು ಕರೆತರಲು ಸಾಲಹಳ್ಳಿಗೆ ಹೋದೆ.

"ಸತ್ತದ್ದನ್ನ ಯಾಕ ಎಬ್ಬಸ್ತಿ?" ಅಂದಳು ಅತ್ತಿ.

"ಸತ್ತಿಲ್ಲ ಅಂತ ತೋರಸ್ತೇನಿ, ಬಾ."

ಎರಡು ದಿನ ಅವಳ ಬೆನ್ನು ಬಿಡಲಿಲ್ಲ. ಊಟ ಬಿಟ್ಟು ಕೂತೆ. ಕೊನೆಗೆ ಟ್ರಂಕಿನ ತಳದಿಂದ ರೆಕಾರ್ಡು ತೆಗೆದು ಕೌದಿಯಲ್ಲಿ ಸುತ್ತಿ ನನ್ನ ಕೈಗಿಟ್ಟು ತಾನೂ ಹೊರಟಳು. ಸವದತ್ತಿಯಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರು, "ಅಷ್ಟು ಜ್ವಾಕಿ ಮಾಡೂದು ಏನೈತ್ರಿ ಅದರಾಗ, ರೊಟ್ಟಿ ಏನು?" ಅಂದ. ಅತ್ತಿ ನಗಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತಳು.

ನನ್ನ ಮನೆಯ ಪಡಸಾಲೆಯಲ್ಲಿ ಮಷಿನ್ನು ಸಿದ್ಧವಿತ್ತು. ಚಾಚಾ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಮುಳ್ಳು ಇಳಿಸಿದೆ. ಹಾರ್ಮೋನಿಯಂ ಬಂತು, ಹಿಂದೆಯೇ ಅತ್ತಿಯ ಎಳೆಯ ದನಿ. ಎರಡನೆಯ ನುಡಿಗೆ ಬರುತ್ತಲೇ ಅದೇ ನಡುಕ ಹತ್ತಿತು. ಮುಂದೆ ಹೋದಂತೆ ಮತ್ತೂ ಜಾಸ್ತಿಯಾಯಿತು. ಗೆರೆಗಳು ಮಾತ್ರ ನಿಂತೇ ಇದ್ದವು, ಹಾಳಾದವು!

"ನಾ ಹೇಳಿದ್ದಿಲ್ಲೇನ?" ಅಷ್ಟೇ ಅಂದಳು ಅತ್ತಿ. ಎದ್ದು ಅಡುಗೆಮನೆಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಲು ಕೂತಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಸಲ ನಕ್ಕು ಕೊಂದಿದ್ದೆ, ಈಗ ಕರೆದು ತಂದು ಕೊಂದೆ.

ಚಾಚಾ ಗೆದ್ದರಲ್ಲ, ಏನಾದರೂ ಅನ್ನುತ್ತಾರೆ ಎಂದುಕೊಂಡೆ. ಅವರು ಮಷಿನ್ನಿನ ಮಟ್ಟಕ್ಕೆ ತಲೆ ತಗ್ಗಿಸಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಲೇ ಇದ್ದರು.

"ಅಕ್ಕೋರ, ಇಲ್ಲಿ ಬರ್ರಿ. ಹಾಡು ಬಿಡ್ರಿ, ಕೈ ನೋಡ್ರಿ."

ಮುಳ್ಳಿನ ಕೈ ಒಂದೇ ಸಮ ಒಳಕ್ಕೆ ಸರಿಯುವ ಬದಲು, ಪ್ರತಿ ಸುತ್ತಿಗೂ ಒಮ್ಮೆ ಆಚೆ, ಒಮ್ಮೆ ಈಚೆ ತೂಗುತ್ತಿತ್ತು.

"ಬ್ಯಾರೆ ರೆಕಾರ್ಡಿಗೆ ಹಿಂಗ ಮಾಡೂದಿಲ್ಲ ಇದು. ರೆಕಾರ್ಡಿನ ತೂತ ನಟ್ಟನಡುವ ಇಲ್ರಿ. ರೆಕಾರ್ಡು ಮಾಡಿದವರು ತೂತ ಹೊಡೆಯುವಾಗ ಸರಿದೈತಿ."

ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳಲಿ! ಮಷಿನ್ನಿನದೇ ತಪ್ಪಾಗಿದ್ದರೆ ನಡುಕ ಮೊದಲಿನಿಂದ ಕೊನೆತನಕ ಒಂದೇ ಸಮ ಇರಬೇಕಿತ್ತು. ಇದು ನಡುವಿನ ಕಡೆ ಹೋದಂತೆ ಹೆಚ್ಚುತ್ತಿತ್ತು. ಒಳಗಿನ ಗೆರೆಗಳ ಸುತ್ತು ಸಣ್ಣದು, ಅಲ್ಲಿ ಅಷ್ಟೇ ಸರಿದಿದ್ದರೂ ದೊಡ್ಡದಾಗಿ ಕೇಳುತ್ತದೆ. ಮಕ್ಕಳಿಗೆ ಕಲಿಸುವವಳಿಗೆ ಇದು ಹೊಳೆಯಲಿಲ್ಲ, ಚಾಚಾನ ಕಣ್ಣಿಗೆ ಬಿತ್ತು.

"ಅವತ್ತ ಯಾಕ ನೋಡಲಿಲ್ರಿ ಇದನ್ನ?" ಅಂದೆ. ನನ್ನ ದನಿಯಲ್ಲಿ ಸಿಟ್ಟಿತ್ತೋ ಅಳುವಿತ್ತೋ ಗೊತ್ತಿಲ್ಲ.

"ಮದಿವ್ಯಾಗ ಮಷಿನ್ ಯಾರ್ ನೋಡ್ತಾರ್ರಿ? ನಾನೂ ಮಂದಿನ್ನ ನೋಡಕೊಂತ ನಿಂತಿದ್ನಿ." ಮುಳ್ಳಿನ ಕೈ ಎತ್ತಿಡುತ್ತ, "ನಾನೂ ನಕ್ಕಿದ್ನಿ ಅನ್ರಿ" ಅಂದರು.

ತೂತನ್ನು ಒಂದಿಷ್ಟು ಅಗಲ ಮಾಡಬೇಕು. ಒಡೆದರೆ ಆಯಿತು, ಇನ್ನೊಂದು ರೆಕಾರ್ಡು ಜಗತ್ತಿನಲ್ಲಿ ಎಲ್ಲಿದೆಯೋ ದೇವರೇ ಬಲ್ಲ. ಚಾಚಾ ನನಗೆ ಮುಟ್ಟಗೊಡಲಿಲ್ಲ. ಕೌದಿಯನ್ನು ತೊಡೆಯ ಮೇಲೆ ಹಾಸಿ, ರೆಕಾರ್ಡು ಇಟ್ಟುಕೊಂಡು, ಸಣ್ಣ ದುಂಡನೆಯ ಅರದಿಂದ ಉಜ್ಜತೊಡಗಿದರು. ಎರಡು ಸಲ ಉಜ್ಜುವುದು, ಊದುವುದು, ಬೆರಳಾಡಿಸಿ ನೋಡುವುದು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು, ಮತ್ತೆ ಶುರುವಾಯಿತು. ಆಮೇಲೆ ರೆಕಾರ್ಡನ್ನು ತಟ್ಟೆಯ ಮೇಲಿಟ್ಟು ತಿರುಗಿಸಿ, ಮುಳ್ಳಿನ ಕೈ ನೋಡುತ್ತ, ಬೆರಳ ತುದಿಯಿಂದ ಅಂಚಿಗೆ ಮೆಲ್ಲಗೆ ತಟ್ಟಿದರು. ಕೈ ತೂಗುವುದು ಕಡಿಮೆಯಾಯಿತು. ಮತ್ತೊಮ್ಮೆ ತಟ್ಟಿದರು. ನಿಂತಿತು.

"ಹಚ್ಚ್ರಿ ಅಕ್ಕೋರ, ಮೊದಲಿಂದ."

ಹಚ್ಚಿದೆ. ಮೊದಲ ನುಡಿ. ಎರಡನೆಯ ನುಡಿ. ಕೊನೆಯ ಎತ್ತರದ ಸ್ವರವನ್ನು ಆ ಹುಡುಗಿ ಎಳೆದು ಹಿಡಿದಳು, ಹಿಡಿದೇ ಹಿಡಿದಳು, ಒಂದು ಕೂದಲಿನಷ್ಟೂ ಅಲುಗಲಿಲ್ಲ.

ಅತ್ತಿ ಯಾವಾಗ ಬಂದು ಬಾಗಿಲಲ್ಲಿ ನಿಂತಳೋ ತಿಳಿಯಲಿಲ್ಲ. ಎರಡೂ ಕೈ ಹಿಟ್ಟು. ಹಾಡು ಮುಗಿದು ಮುಳ್ಳು ಚರಚರ ಅನ್ನುತ್ತಿದ್ದರೂ ಮೂವರಲ್ಲಿ ಯಾರೂ ಎತ್ತಲಿಲ್ಲ.

"ದನಿ ಬರೋಬ್ಬರಿ ಐತ್ರಿ ಅಕ್ಕಾ" ಅಂದರು ಚಾಚಾ, ತಲೆ ಎತ್ತದೆ. "ನಾನ ತಪ್ಪ ಹೇಳಿದ್ನಿ."

"ನಿಮ್ಮ ಸೆಟ್ಟೂ ಬರೋಬ್ಬರಿ ಇತ್ತಲ್ರಿ" ಅಂದಳು ಅತ್ತಿ. ಗೋಡೆಗೆ ಒರಗಿ ಮೆಲ್ಲಗೆ ಕೆಳಗೆ ಕೂತಳು.

ನನಗೆ ತಡೆಯಲಾಗಲಿಲ್ಲ. ಅವಳ ಮುಂದೆ ಕೂತು, "ಅತ್ತಿ, ಅವತ್ತ ನಾನೂ ನಕ್ಕಿದ್ನಿ" ಅಂದೆ.

"ಗೊತ್ತೈತಿ."

"ಹ್ಯಾಂಗ?"

"ಮಂದಿ ನಗೂದು ಕಂಪನ್ಯಾಗ ದಿನಾ ಕೇಳಿದಾಕಿ ನಾ. ಅದಕ್ಕ ಯಾರ ಏಳ್ತಾರ? ನಿನ್ನ ನಗಿ ಕೇಳಿಸ್ತು, ಎದ್ದು ಬಂದ್ನಿ."

ನಾನು ಅವಳ ಮಡಿಲಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಮೂವತ್ತು ದಾಟಿದ ಅಕ್ಕೋರು, ಪರರ ಎದುರು, ನಾಚಿಕೆಯಿಲ್ಲದೆ. ಅತ್ತಿ ಹಿಟ್ಟಿನ ಕೈ ನನಗೆ ತಾಗದಂತೆ ಮೇಲೆತ್ತಿ ಹಿಡಿದುಕೊಂಡು, ಮೊಣಕೈಯಿಂದ ನನ್ನ ಬೆನ್ನು ಒತ್ತಿದಳು.

"ಸಾಕ ಏಳ, ಹುಚ್ಚಿ. ಅವರಿಗೆ ಹಿಂದಿನ ಬಾಜು ಹಚ್ಚಾಕ ಹೇಳು. ಅದರಾಗ ನಾ ಇನ್ನೂ ಚಲೋ ಹಾಡೇನಿ."

ಚಾಚಾ ಆಗಲೇ ರೆಕಾರ್ಡು ತಿರುವಿ ಹಾಕಿ, ಮುಳ್ಳಿನ ಕೈ ನೋಡುತ್ತ, ಅಂಚಿಗೆ ಬೆರಳು ತಟ್ಟುತ್ತಿದ್ದರು.