ಐವತ್ನಾಲ್ಕು ವರ್ಷದ ತಂಗಿ

ಉಗಾಂಡಾದ ಫೋರ್ಟ್ ಪೋರ್ಟಲ್‌ನಲ್ಲಿ ಇನ್ನೂ ಮಂಜು ಕರಗಿಲ್ಲ. ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಕಬೊನೇಸ ನೆಲ ಒರೆಸುತ್ತಿದ್ದಾರೆ. ಬಲಗೈಯಲ್ಲಿ ಒರೆಸುವ ಕೋಲು, ಎಡಗಂಕುಳಲ್ಲಿ ಅವಚಿಕೊಂಡ ಒಂದು ಬಾಟಲಿ. ಅದರಲ್ಲಿರುವುದು ಹೃದಯದ ಸ್ಕ್ಯಾನ್ ಮಾಡುವಾಗ ಎದೆಗೆ ಸವರುವ ಲೋಳೆ. ಬೆಳಗಿನ ಚಳಿಗೆ ಅದು ಕೊರೆಯುತ್ತಿರುತ್ತದೆ. "ಇಷ್ಟು ತಣ್ಣಗಿರೋದನ್ನ ಎದೆ ಮೇಲೆ ಸುರಿದ್ರೆ ನೀವೂ ಕಿರುಚ್ತೀರಿ, ಅರಾಳಿ," ಎನ್ನುತ್ತಾರೆ ಪತ್ರಿಕೆಗೆ ಬರೆಯಲು ಬಂದ ನನಗೆ.

ಅರಾಳಿ ನನ್ನ ಎಂಪಾಕೊ. ನಮ್ಮ ತೋರೊ ಜನರಲ್ಲಿ ಇಟ್ಟ ಹೆಸರಿನ ಜೊತೆಗೆ ಎಲ್ಲರಿಗೂ ಇಂಥದ್ದೊಂದು ಇರುತ್ತದೆ. ಮುದ್ದಿಗೂ ಅದೇ, ಮರ್ಯಾದೆಗೂ ಅದೇ. ಆ ಹೆಸರು ಹಿಡಿದು ಕರೆದು ಯಾರೂ ಜಗಳ ಶುರು ಮಾಡುವುದಿಲ್ಲ. ಕಬೊನೇಸರದು ಅಬ್ವೋಲಿ. ಆಸ್ಪತ್ರೆಯ ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವರು ಅಬ್ವೋಲಿಯೇ.

ಸಂಬಳ ಬರುವುದು ನೆಲ ಒರೆಸುವುದಕ್ಕೆ. ಆದರೆ ರಕ್ತ ತೆಗೆಯುವಾಗ, ಎಕ್ಸ್‌ರೇ ಹಿಡಿಯುವಾಗ, ಸ್ಕ್ಯಾನ್ ಮಾಡುವಾಗ ಮಗು ರಚ್ಚೆ ಹಿಡಿದರೆ ನರ್ಸುಗಳು ಹುಡುಕುವುದು ಇವರನ್ನೇ. ಈ ಕೆಲಸ ಮಾಡಿ ಎಂದು ಹೇಳಿದವರು ಯಾರೂ ಇಲ್ಲ, ಬೇಡ ಎಂದವರು ಬೇಕಾದಷ್ಟು ಮಂದಿ. "ಅಬ್ವೋಲಿ, ಬಕೆಟ್ ಅಲ್ಲೇ ಬಿಟ್ಟು ಲಾಲಿ ಹಾಡೋಕೆ ಹೋದ್ಯಾ?" ಎಂದು ಮೇಲ್ವಿಚಾರಕರು ಈಗಲೂ ಚುಚ್ಚುತ್ತಾರೆ. ಇವರು ನಕ್ಕು ಬಕೆಟ್ ಎತ್ತಿಕೊಳ್ಳುತ್ತಾರೆ. ನನಗಾದರೋ ಮೈ ಉರಿಯುತ್ತದೆ. ಹೊಸ ಕಟ್ಟಡಕ್ಕೆ ಬಣ್ಣ ಬಳಿದವರಿಗೆ ಸನ್ಮಾನ ಮಾಡಿದ ಆಸ್ಪತ್ರೆ ಇದು.

ಕಬೊನೇಸರಿಗೆ ಈ ಹಟ ಬಂದದ್ದು ಮನೆಯಿಂದಲೇ. ಅವರ ಮಗಳು ಚಿಕ್ಕವಳಿದ್ದಾಗ ಬೆನ್ನುಮೂಳೆಯ ನೀರು ತೆಗೆದು ಪರೀಕ್ಷೆ ಮಾಡಬೇಕಾಗಿತ್ತು. ನಾಲ್ಕು ಜನ ಅದುಮಿ ಹಿಡಿದರು. ತಾಯಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. "ಅವತ್ತು ಪರೀಕ್ಷೆ ಏನೋ ಆಯ್ತು. ಆದ್ರೆ ಮುಂದಿನ ವರ್ಷ ಕಿವಿ ಸೋರಿ ಜ್ವರ ಬಂದಾಗ ಅವಳು ನಂಗೆ ಹೇಳ್ಲೇ ಇಲ್ಲ. ಹೇಳಿದ್ರೆ ಇಲ್ಲಿಗೆ ಕರ್ಕೊಂಡು ಬರ್ತೀನಿ ಅಂತ ಹೆದರಿ ಮಂಚದ ಕೆಳಗೆ ಅಡಗಿದ್ಳು. ಈಗ ಅವಳಿಗೂ ಮಕ್ಕಳಿದ್ದಾರೆ. ಎಡಗಿವಿ ಮಾತ್ರ ಕೇಳ್ಸಲ್ಲ." ಇಷ್ಟು ಹೇಳಿ ಬಾಟಲಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸುತ್ತಾರೆ.

ಅವರದೇ ಒಂದು ಕ್ರಮವಿದೆ. ಮೊದಲು ಮಗುವಿನ ಕಣ್ಣಿಗಿಂತ ಕೆಳಗೆ, ನೆಲದ ಮೇಲೆ ಕೂರುತ್ತಾರೆ. ನೋವಾಗುವುದಿದ್ದರೆ ಆಗುತ್ತದೆ ಎಂದೇ ಹೇಳುತ್ತಾರೆ. ಆಮೇಲೆ ಎಂಪಾಕೊ ಕೇಳುತ್ತಾರೆ. ಮನೆಯಲ್ಲಿ ಅಜ್ಜಿ ಕರೆಯುವ ಹೆಸರು ಈ ಬಿಳಿ ಗೋಡೆಗಳ ನಡುವೆ ಕಿವಿಗೆ ಬಿದ್ದರೆ ಎಂಥ ಮಗುವೂ ಒಂದು ಗಳಿಗೆ ಅಳು ನಿಲ್ಲಿಸುತ್ತದೆ. ಆ ಗಳಿಗೆಯಲ್ಲೇ ಇವರು ಕೈ ಹಿಡಿಯುತ್ತಾರೆ.

ಇವತ್ತು ಅದು ನಡೆಯುವುದಿಲ್ಲ.

ಕಂಪಾಲಾದಿಂದ ಹೃದಯದ ಡಾಕ್ಟರಾದ ಲುಬೇಗ ಅವರು ಸ್ಕ್ಯಾನ್ ಯಂತ್ರದ ಸಮೇತ ಬಂದಿದ್ದಾರೆ. ಸಂಜೆ ಹೊರಟರೆ ಮತ್ತೆ ಬರುವುದು ಮೂರು ತಿಂಗಳಿಗೆ. ಬಾಗಿಲಲ್ಲಿ ಬೆಟ್ಟದ ಕಡೆಯ ಕೊಂಜೊ ಜನರ ಹೆಂಗಸು ಬೀರ ನಿಂತಿದ್ದಾಳೆ. ಬೆನ್ನಿಗೆ ಕಟ್ಟಿದ ಕೂಸು ನಿದ್ದೆಯಲ್ಲಿದೆ. ಅವಳ ಲಂಗ ಹಿಡಿದು ನಿಂತ ನಾಲ್ಕು ವರ್ಷದ ಮಗಳು ಕಬುಗೊ ನಾಲ್ಕು ಹೆಜ್ಜೆ ಓಡಿದರೆ ತುಟಿ ನೀಲಿಯಾಗುತ್ತದೆ. ಹೋದ ಸಲ ಒದ್ದಾಡಿ, ಪರೀಕ್ಷೆ ಆಗದೆ ಹಿಂದಿರುಗಿದ ಮಗು. ಈ ಸಲ ಕೆಮ್ಮೂ ಇದೆ. ನಿದ್ದೆ ಬರುವ ಔಷಧ ಕೊಟ್ಟರೆ ಉಸಿರಿಗೆ ತೊಂದರೆಯಾದೀತೆಂದು ಡಾಕ್ಟರಿಗೆ ಧೈರ್ಯವಿಲ್ಲ. ಎಚ್ಚರವಿದ್ದೇ ಅಲುಗಾಡದೆ ಮಲಗಬೇಕು. ಹೃದಯಕ್ಕೆ ಏನಾಗಿದೆ ಎಂದು ತಿಳಿಯದೆ ಚಿಕಿತ್ಸೆ ಶುರುವಾಗುವಂತಿಲ್ಲ.

ಕಬೊನೇಸ ನೆಲದ ಮೇಲೆ ಕೂತು ಕೇಳುತ್ತಾರೆ. "ನಿನ್ನ ಎಂಪಾಕೊ ಏನಮ್ಮಾ?"

ಮಗು ಪಿಳಿಪಿಳಿ ನೋಡುತ್ತದೆ. ಅಭ್ಯಾಸಬಲ, ಇವರು ತಾವೇ ಒಂದು ಊಹಿಸುತ್ತಾರೆ. "ಅಕೀಕಿ ಅನ್ನಲಾ? ಬಾ ಅಕೀಕಿ."

ಬೀರಳ ಮುಖ ಬಿಗಿಯುತ್ತದೆ. "ನಮ್ಮಲ್ಲಿ ಅದೆಲ್ಲ ಇಲ್ಲಮ್ಮ. ನನ್ನ ಮಗಳಿಗೆ ಹೆಸರಿದೆ. ನಿಮ್ಮ ಹೆಸರು ಹೊದಿಸಿದ್ರೇನೇ ನಿಮ್ಮ ಯಂತ್ರ ನೋಡುತ್ತಾ?"

ತಾಯಿಯ ದನಿ ಏರಿದ್ದೇ ಕಬುಗೊ ಬಿಕ್ಕಲು ಶುರು ಮಾಡುತ್ತಾಳೆ. ತೋರೊದವರು ಮಾತ್ರ ಮಾಡುವಂಥ ತಪ್ಪು ಇದು. ಲೋಕಕ್ಕೆಲ್ಲ ಎಂಪಾಕೊ ಇದೆ ಎಂದುಕೊಳ್ಳುವುದು. ಬೆಟ್ಟದವರಿಗೂ ನಮಗೂ ಹಳೆಯ ಮುನಿಸು ಬೇರೆ. ಡಾಕ್ಟರು ಮುಂದಿನ ಮಗುವನ್ನು ಕರೆಯಲು ತಿರುಗುತ್ತಾರೆ.

"ಸ್ವಲ್ಪ ತಾಳಿ ಡಾಕ್ಟ್ರೇ. ಈ ಮಗು ಇವತ್ತು ಹಂಗೇ ವಾಪಸ್ ಹೋಗಲ್ಲ," ಎನ್ನುತ್ತಾರೆ ಕಬೊನೇಸ. ಬೀರಳತ್ತ ತಿರುಗಿ, "ತಪ್ಪಾಯ್ತು ಕಣಮ್ಮ, ನೀನು ಅಂದಿದ್ದು ಸರಿ," ಎನ್ನುತ್ತಾರೆ. ಆಮೇಲೆ ಸಂತೆಯಲ್ಲಿ ಕಲಿತ ಹರಕುಮುರುಕು ಕೊಂಜೊ ಭಾಷೆಯಲ್ಲಿ ಮಗುವನ್ನು ಮಾತಿಗೆಳೆಯುತ್ತಾರೆ.

"ಕಬುಗೊ ಅಂದ್ರೆ ನಿಮ್ಮಲ್ಲಿ ಮೂರನೇ ಹುಡುಗಿಗೆ ಇಡೋ ಹೆಸರು ಅಲ್ವಾ? ನಾನು ನಮ್ಮಮ್ಮಂಗೆ ನಾಲ್ಕನೇ ಹುಡುಗಿ. ನಂಗೆ ಏನಂತಾರೆ?"

ಬಿಕ್ಕಳಿಕೆ ನಿಲ್ಲುತ್ತದೆ. ಕಬುಗೊ ತಾಯಿಯ ಬೆನ್ನ ಮೇಲಿನ ಕೂಸನ್ನು ನೋಡುತ್ತಾಳೆ. ಅದು ಅವಳ ಬೆನ್ನಿಗೆ ಹುಟ್ಟಿದ್ದು, ನಾಲ್ಕನೆಯ ಹೆಣ್ಣು.

"ಎಂಬಂಬು," ಎನ್ನುತ್ತಾಳೆ ಮೆಲ್ಲಗೆ.

"ಹಂಗಾದ್ರೆ ನಾನು ಎಂಬಂಬು. ನಿನ್ನ ತಂಗಿ."

"ನೀನು ಮುದುಕಿ."

"ಏನ್ ಮಾಡೋದು, ನಾಲ್ಕನೆಯವಳಲ್ವಾ? ನಂಗೆ ಆ ಸ್ಕ್ಯಾನ್ ಮಾಡೋ ಕತ್ತಲೆ ಕೋಣೆ ಕಂಡ್ರೆ ಭಯ, ಅಕ್ಕ. ಬರ್ತೀಯಾ ಜೊತೆಗೆ?"

ಬೀರ ಬಾಯಿಗೆ ಕೈ ಒತ್ತಿಕೊಂಡು ನಗು ತಡೆಯುತ್ತಾಳೆ. ಕಬುಗೊ ನಗುವುದಿಲ್ಲ. ತಂಗಿಯನ್ನು ಸಂಭಾಳಿಸುವುದು ಅವಳಿಗೆ ದಿನದ ಕೆಲಸ. ಕಬೊನೇಸರ ಬೆರಳು ಹಿಡಿದು ಒಳಗೆ ನಡೆಯುತ್ತಾಳೆ, ತಾನೇ ಮಂಚ ಹತ್ತುತ್ತಾಳೆ. ಕಂಕುಳಲ್ಲಿ ಬೆಚ್ಚಗಾದ ಲೋಳೆ ಎದೆಗೆ ಬೀಳುತ್ತದೆ. ಯಂತ್ರದಿಂದ ಅವಳದೇ ಎದೆಬಡಿತ ಬುಸುಗುಟ್ಟಿದಾಗ ಕಬೊನೇಸ ಬೇಕೆಂದೇ ನಡುಗುತ್ತಾರೆ.

"ಅಲುಗಾಡ್ಬೇಡ ಎಂಬಂಬು," ಎಂದು ಗದರುತ್ತಾಳೆ ಅಕ್ಕ. "ನೋಡು, ನಾನು ಹೆಂಗಿದ್ದೀನಿ." ತಂಗಿಗೆ ತೋರಿಸಲೆಂದೇ ಕಲ್ಲಿನಂತೆ ಮಲಗಿರುತ್ತಾಳೆ. ನಾನು ಮೂಲೆಯಲ್ಲಿ ನಿಂತಿದ್ದೇನೆ. ಡಾಕ್ಟರು ನಿಧಾನವಾಗಿ, ಎಲ್ಲ ಕಡೆಯಿಂದ, ಬೇಕಾದ್ದನ್ನೆಲ್ಲ ನೋಡುತ್ತಾರೆ.

ಹೃದಯದಲ್ಲಿ ತೂತಿದೆ. ಹೋದ ಸಲವೇ ಕಂಡಿದ್ದರೆ ಚೆನ್ನಾಗಿತ್ತು, ಈಗಲೂ ಹೊತ್ತು ಮೀರಿಲ್ಲ ಎನ್ನುತ್ತಾರೆ ಡಾಕ್ಟರು. ಇವತ್ತಿನಿಂದಲೇ ಔಷಧ, ಮೂರು ತಿಂಗಳಿಗೆ ಇನ್ನೊಮ್ಮೆ ಸ್ಕ್ಯಾನ್, ಆಮೇಲೆ ಕಂಪಾಲಾದಲ್ಲಿ ಆಪರೇಷನ್. ಬೀರ ಗೋಡೆಗೆ ಒರಗಿ ಎಲ್ಲವನ್ನೂ ಎರಡೆರಡು ಸಲ ಕೇಳಿ ತಿಳಿದುಕೊಳ್ಳುತ್ತಾಳೆ. ಹೊರಡುವ ಮುಂಚೆ ಕಬೊನೇಸರ ಮುಂದೆ ನಿಂತು, "ಅವತ್ತೂ ನೀವೇ ಇರ್ತೀರಲ್ವಾ?" ಎಂದು ಕೇಳುತ್ತಾಳೆ.

"ಎಲ್ಲಿಗೆ ಹೋಗ್ತೀನಿ? ನೆಲ ಇಲ್ಲೇ ಇರುತ್ತಲ್ಲ."

ನಿಮಗೇನು ಬೇಕು ಎಂದು ಕೇಳುತ್ತೇನೆ. ಪತ್ರಿಕೆಯವರ ಮಾಮೂಲಿ ಪ್ರಶ್ನೆ. ಅವರು ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಾ ಯೋಚಿಸುತ್ತಾರೆ. "ಆ ಕೋಣೆಗೊಂದು ಅಗಲವಾದ ಮಂಚ ಹಾಕ್ಲಿ, ಅರಾಳಿ. ತಾಯೀನೂ ಪಕ್ಕದಲ್ಲಿ ಮಲಗೋ ಹಂಗೆ. ಆಗ ನಾನು ಬೇಕಾಗೋದೇ ಇಲ್ಲ."

ಅಷ್ಟರಲ್ಲಿ ಕಾರಿಡಾರಿನ ಆ ತುದಿಯಿಂದ ಕೂಗು ಬರುತ್ತದೆ. "ಎಂಬಂಬು!"

ಬೀರಳ ಬೆನ್ನ ಮೇಲಿನ ಕೂಸು ನಿದ್ದೆಯಿಂದ ಏಳುವುದಿಲ್ಲ. ಐವತ್ನಾಲ್ಕು ವರ್ಷದ ಕಬೊನೇಸ ಒರೆಸುವ ಕೋಲನ್ನು ನನ್ನ ಕೈಗೆ ಕೊಟ್ಟು, ಹಸಿ ನೆಲದ ಮೇಲೆ ಜಾರದ ಹಾಗೆ ಬಿರಬಿರನೆ ನಡೆಯುತ್ತಾರೆ.

"ಬಂದೆ, ಅಕ್ಕಾ."