ಗಂಡಿನ ಕಡೆಯ ವಿದ್ವಾಂಸರು

ನಮ್ಮೂರು ಮಂಡ್ಯ ಎಂದು ಹೇಳಿದೊಡನೆ ಹೊರಗಿನವರು ಆಡುವ ಮೊದಲ ಮಾತನ್ನು ನಾನು ಎಷ್ಟೋ ವರ್ಷಗಳಿಂದ ಗಮನಿಸುತ್ತಾ ಬಂದಿದ್ದೇನೆ. “ಓ, ಗೊತ್ತು ಗೊತ್ತು, ಮೈಸೂರಿಗೆ ಹೋಗುವಾಗ ಸಿಗುತ್ತದಲ್ಲ!” ಎನ್ನುತ್ತಾರೆ. ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದಮೇಲೆ ಆ ಸಿಗುವ ಭಾಗ್ಯವೂ ತಪ್ಪಿಹೋಯಿತು. ಪಕ್ಕದ ಮದ್ದೂರಿನ ಸ್ಥಿತಿಯೂ ಭಿನ್ನವಲ್ಲ. ರೈಲು ನಿಂತಾಗ ಕಿಟಕಿಯಿಂದ ಕೈಗಳೇನೋ ಹೊರಬರುತ್ತವೆ, ಬಿಸಿ ವಡೆಯ ಪೊಟ್ಟಣದೊಂದಿಗೆ ಒಳಗೂ ಹೋಗುತ್ತವೆ. ಕಾಲುಗಳು ಮಾತ್ರ ಪ್ಲಾಟ್‌ಫಾರಂ ಮುಟ್ಟುವುದಿಲ್ಲ. ದಾರಿಯ ಮೇಲಿರುವ ಊರಿನವರಿಗೆ ಇದೊಂದು ಬಗೆಯ ಮೃದುವಾದ ಸಂಕಟ, ನೋಡಿ. ಮನೆಯ ಮುಂದೆ ಹಾದುಹೋಗುವವರೆಲ್ಲ ನಕ್ಕು ಕೈಬೀಸುತ್ತಾರೆ, ಒಬ್ಬರೂ ಒಳಗೆ ಬಂದು ಕೂರುವುದಿಲ್ಲ.

ಈ ಸಂಕಟ ನನ್ನಂಥ ಬಿಡುವಿನ ಗೃಹಿಣಿಯೊಬ್ಬಳದೇ ಇರಬೇಕೆಂದುಕೊಂಡಿದ್ದೆ. ಆದರೆ ನನ್ನ ನಾದಿನಿ ಪದ್ಮನಿಗೂ ಅದಿತ್ತು, ನನಗಿಂತ ತೀವ್ರವಾಗಿ ಇತ್ತು. ಆಕೆ ಇಲ್ಲಿನ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕಿ. ಹಳೆಯ ಕೆರೆಕಟ್ಟೆಗಳೆಂದರೆ ಪ್ರಾಣ. ಆ ವಿಷಯವಾಗಿ ಒಂದು ರಾಷ್ಟ್ರೀಯ ವಿಚಾರ ಸಂಕಿರಣವನ್ನು ಮಂಡ್ಯದಲ್ಲಿಯೇ ನಡೆಸಬೇಕೆಂದು ಎರಡು ವರ್ಷ ಅರ್ಜಿಯ ಮೇಲೆ ಅರ್ಜಿ ಬರೆದು, ಕಡೆಗೂ ಅನುಮತಿ ಗಿಟ್ಟಿಸಿದ್ದಳು. ಅಸ್ಸಾಮಿನಿಂದ, ಪುಣೆಯಿಂದ, ಕೇರಳದಿಂದ, ಎಲ್ಲೆಲ್ಲಿಂದಲೋ ನಲವತ್ತೊಂದು ಮಂದಿ ವಿದ್ವಾಂಸರು ಬರಲೊಪ್ಪಿ ರೈಲು ವಿಮಾನಗಳ ಟಿಕೆಟ್ಟನ್ನೂ ತೆಗೆಸಿಬಿಟ್ಟಿದ್ದರು. ಭಾನುವಾರ ಮತ್ತು ಸೋಮವಾರ ಗೋಷ್ಠಿಗಳು, ಶನಿವಾರ ಸಂಜೆಗೆ ಎಲ್ಲರ ಆಗಮನ.

ಹದಿನೆಂಟು ದಿನಗಳು ಉಳಿದಿರುವಾಗ, ಒಂದು ಬುಧವಾರ ಬೆಳಿಗ್ಗೆ, ಪದ್ಮ ಫೈಲು ಹಿಡಿದು ನನ್ನ ಅಡುಗೆಮನೆಗೆ ಬಂದಳು. ನಾನು ಸೋಸುತ್ತಿದ್ದ ಕೊತ್ತಂಬರಿ ಕಟ್ಟನ್ನು ಕೈಗೆತ್ತಿಕೊಂಡು, ಸೊಪ್ಪನ್ನು ಕಸಕ್ಕೂ ದಂಟನ್ನು ಪಾತ್ರೆಗೂ ಹಾಕತೊಡಗಿದಾಗಲೇ ಏನೋ ಕೆಟ್ಟಿದೆಯೆಂದು ನನಗೆ ತಿಳಿಯಿತು.

“ಅತ್ತಿಗೆ, ಊರಲ್ಲಿ ಒಂದೇ ಒಂದು ರೂಮಿಲ್ಲ” ಎಂದಳು.

ನಾನು ಗೋಡೆಯ ಕ್ಯಾಲೆಂಡರಿನತ್ತ ನೋಡಿದೆ. ಆ ಶನಿವಾರ ಮತ್ತು ಭಾನುವಾರದ ಚೌಕಗಳಲ್ಲಿ ಕೆಂಪಕ್ಷರದಲ್ಲಿ ವಿವಾಹ ಮುಹೂರ್ತವೆಂದು ಅಚ್ಚಾಗಿತ್ತು. ಆಷಾಢಕ್ಕೆ ಮುಂಚಿನ ಕಟ್ಟಕಡೆಯ ಒಳ್ಳೆಯ ಲಗ್ನ! ನಮ್ಮ ಕಡೆ ಮಗುವಿನ ಕಿವಿ ಚುಚ್ಚಿಸುವುದಕ್ಕೂ ಕ್ಯಾಲೆಂಡರಿನ ಮುಂದೆ ನಿಂತು ಬೆರಳಾಡಿಸುತ್ತೇವೆ. ಆದರೆ ಸಂಕಿರಣದ ದಿನಾಂಕ ನಿರ್ಧರಿಸಲು ಕುಳಿತ ಏಳು ಮಂದಿ ಪಂಡಿತರು ಪರೀಕ್ಷೆಯ ವೇಳಾಪಟ್ಟಿ ನೋಡಿದ್ದರು, ರಜೆಯ ಪಟ್ಟಿ ನೋಡಿದ್ದರು, ಮುಖ್ಯ ಅತಿಥಿಗಳ ಅನುಕೂಲ ನೋಡಿದ್ದರು, ಪಂಚಾಂಗವೊಂದನ್ನು ಮಾತ್ರ ನೋಡಿರಲಿಲ್ಲ. ಅದರಲ್ಲೂ ಪದ್ಮ ನೋಡುವ ಪೈಕಿಯೇ ಅಲ್ಲ. ಜಾತಕದ ನೆಪದಲ್ಲಿ ತನ್ನ ಮದುವೆ ಮೂರು ಸಲ ಮುಂದಕ್ಕೆ ಹೋದಂದಿನಿಂದ ಆಕೆ ಪಂಚಾಂಗದ ಮುಖ ನೋಡುವುದಿಲ್ಲವೆಂದು ಶಪಥ ಮಾಡಿದ್ದಳು. ಶಪಥ ಈಗ ಸೇಡು ತೀರಿಸಿಕೊಂಡಿತ್ತು. ಮನೆಗಳಲ್ಲಿ ಇಳಿಸಿಕೊಳ್ಳೋಣವೆಂದರೆ ಮನೆಮನೆಯಲ್ಲೂ ಮದುವೆಗೆ ಬರುವ ನೆಂಟರು.

“ಪ್ರಿನ್ಸಿಪಾಲರು ಏನಂತಾರೆ?” ಎಂದು ಕೇಳಿದೆ.

“ಶುಕ್ರವಾರ ಸಂಜೆ ಒಳಗೆ ವಸತಿ ಪಟ್ಟಿ ಕೊಡದಿದ್ರೆ ಮೈಸೂರಿನ ಕಾಲೇಜಿಗೆ ಬಿಟ್ಟುಕೊಡ್ತಾರಂತೆ. ಅಲ್ಲಿ ಹಾಸ್ಟೆಲ್ ಇದೆಯಂತೆ, ಅವರು ಕಾಯ್ತಾ ಇದಾರಂತೆ.”

ಮೈಸೂರು! ಓದುಗ ಮಿತ್ರರೇ, ಬೇರೆ ಯಾವ ಊರಿನ ಹೆಸರು ಹೇಳಿದ್ದರೂ ನಾನು ನಿಟ್ಟುಸಿರಿಟ್ಟು ಕೊತ್ತಂಬರಿಗೆ ಮರಳುತ್ತಿದ್ದೆನೇನೋ.

ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಮುಖ್ಯವಾಗಿ ಎರಡು ವಿದ್ಯೆ: ದುಂಡಗೆ ಬರೆಯುವುದು ಮತ್ತು ಯಾರ ಮನಸ್ಸೂ ನೋಯದಂತೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು. ಮೊದಲನೆಯದು ಉಪ್ಪಿನಕಾಯಿ ಜಾಡಿಗಳಿಗೆ ಚೀಟಿ ಅಂಟಿಸುವುದರಲ್ಲಿ ಸಾರ್ಥಕವಾಗಿದೆ. ಎರಡನೆಯದನ್ನು ಅಂದು ಊರಿನ ದೊಡ್ಡ ಲಾಡ್ಜೊಂದರ ಮೇಲೆ ಪ್ರಯೋಗಿಸಲು ಪದ್ಮನನ್ನು ಕರೆದುಕೊಂಡು ಹೊರಟೆ.

ಲಾಡ್ಜಿನ ಮ್ಯಾನೇಜರು ಮೊದಲು ನಗೆಯಲ್ಲಿಯೇ ಉತ್ತರ ಕೊಟ್ಟರು. “ಅವತ್ತಾ? ಅವತ್ತು ರೂಮಂಗಿರ್ಲಿ, ಕೂತ್ಕಳಕೆ ಮೆಟ್ಲೂ ಖಾಲಿಯಿಲ್ಲ ಕಣಮ್ಮ. ಇಪ್ಪತ್ತೆರಡು ರೂಮು, ಎಲ್ಡು ದಿನಕ್ಕೆ, ಕಿರುಗಾವ್ಲು ಹೆಣ್ಣಿನೋರು ಬೀಗ್ರಿಗೆ ಅಂತ ಹಿಡ್ದವ್ರೆ.”

ನಾನು ಮತ್ತೊಮ್ಮೆ ಕೇಳಿದೆ, ಅವರು ಮತ್ತೊಮ್ಮೆ ಇಲ್ಲವೆಂದರು. ಹಾಗೆ ಕೇಳುತ್ತಾ ನಿಂತಿದ್ದಾಗ ಕಣ್ಣು ಪಡಸಾಲೆಯ ಬೆಂಚಿನ ಮೇಲಿದ್ದ ಹಾಸುಬಟ್ಟೆಗಳ ರಾಶಿಯತ್ತ ಹೋಯಿತು. ಹಿಂದಿನ ದಿನವಷ್ಟೇ ಮದುವೆಯ ತಂಡವೊಂದು ಖಾಲಿ ಮಾಡಿದ ಕೋಣೆಗಳಿಂದ ಬಂದ ಬಟ್ಟೆಗಳಂತೆ. ಬಹುಪಾಲು ಹಾಸುಗಳಲ್ಲಿ ಇಸ್ತ್ರಿಯ ಮಡಿಕೆ ಹಾಗೆಯೇ ಇತ್ತು. ಒಬ್ಬರೂ ಮಲಗಿದ ಗುರುತಿಲ್ಲ.

“ಇದ್ಯಾಕೆ ಹೀಗೆ?” ಎಂದೆ.

“ಇನ್ನೇನಮ್ಮ? ಮರ್ವಾದೆಗೆ ರೂಮು, ಮಲಗಾಕೆ ಮನೆ. ರೂಮ್ನಾಗೆ ಒಂದು ಸೀರೆ ಬ್ಯಾಗಿಟ್ಟು ಬೀಗ ಹಾಕ್ತರೆ, ಉಂಡ್ಬುಟ್ಟು ಊರಿಗೋಯ್ತರೆ. ಬೆಳಿಗ್ಗೆ ಹಸ ಕರ್ದು ಡೈರಿಗೆ ಹಾಲು ಹಾಕೋರ್ಯಾರು?”

ಆ ಮಾತಿನಲ್ಲಿ ನನಗೆ ನನ್ನ ಬಂಧುಬಳಗವೇ ಕಾಣಿಸಿತು. ನಮ್ಮ ಸೋದರತ್ತೆಯಂದಿರು ಎಷ್ಟು ಮದುವೆಗಳಲ್ಲಿ ಹಾಗೆ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಕೊನೆಯ ಬಸ್ಸು ಹತ್ತಿಲ್ಲ! ಗಂಡಿನವರ ಊರು ಯಾವುದೆಂದು ಕೇಳಿದೆ. ಮದ್ದೂರಿನ ಮಗ್ಗುಲಿನ ಶಿವಪುರ. ಅರ್ಧ ಗಂಟೆಯ ದಾರಿ. ಇಪ್ಪತ್ತೆರಡು ಕೋಣೆಗಳಲ್ಲಿ ಇಪ್ಪತ್ತೆರಡು ಸೀರೆ ಬ್ಯಾಗುಗಳು ಎರಡು ರಾತ್ರಿ ಸುಖನಿದ್ರೆ ಮಾಡಲಿದ್ದವು. ನಮ್ಮ ನಲವತ್ತೊಂದು ವಿದ್ವಾಂಸರು ಮೈಸೂರಿನ ಪಾಲಾಗಲಿದ್ದರು.

ಗುರುವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ಮಳವಳ್ಳಿಗೆ ಹೋಗಿ, ಅಲ್ಲಿಂದ ಕಿರುಗಾವಲಿಗೆ ಹೋಗಿ ಇಳಿದೆವು. ಹೆಣ್ಣಿನ ಅಜ್ಜಿ ನಿಂಗಮ್ಮನವರೇ ಆ ಮನೆಯ ಯಜಮಾನತಿ. ಬಾಗಿಲು ತಟ್ಟಿ ಅನುಮತಿ ಪಡೆದು ಒಳಹೋಗಬೇಕೆಂಬುದು ನನ್ನ ಶಾಲೆಯ ಶಿಸ್ತು. ಅಲ್ಲಿ ತಟ್ಟಲು ಬಾಗಿಲು ಮುಚ್ಚಿದ್ದರೆ ತಾನೆ! ಚಪ್ಪರಕ್ಕೆಂದು ತಂದ ಬಿದಿರು ಗಳುಗಳನ್ನು ದಾಟಿ ಹೋಗಿ, ನನ್ನ ತಾಯಿಯ ತವರು ಪೂರಿಗಾಲಿ ಎಂದು ಪರಿಚಯಿಸಿಕೊಂಡೆ. ಅಷ್ಟು ಸಾಕಾಯಿತು, ಕಾಫಿ ಬಂತು. ಆದರೆ ಕೋಣೆಯ ಮಾತೆತ್ತಿದ ಕೂಡಲೇ ಅವರ ಕೈಯಲ್ಲಿದ್ದ ಬೀಸಣಿಗೆ ನಿಂತಿತು.

“ಬೀಗ್ರಿಗೆ ಅಂತ ಮಾಡಿದ್ ರೂಮ ನಾನೇ ಕಿತ್ಕಳನಾ? ನಾಳೆ ನನ್ ಮೊಮ್ಮಗ್ಳು ಆ ಮನೇಲಿ ತಲೆ ಎತ್ಕಂಡು ಓಡಾಡದು ಬ್ಯಾಡ್ವಾ? ನೀನು ಪೂರಿಗಾಲಿ ಹೆಣ್ಣಿನ್ ಮಗ್ಳಾಗಿ ಇಂಗ್ ಕೇಳ್ಬೋದೇನವ್ವ?”

“ಅವರೇ ಬೇಡ ಅಂದರೆ?” ಎಂದೆ, ಆದಷ್ಟು ಮೆಲ್ಲಗೆ.

“ಅವ್ರು ಬ್ಯಾಡ ಅಂದ್ರೆ ನಂದೇನೈತೆ ಬುಡು. ಅವ್ರು ಅಂಗೆ ಅನ್ನಕ್ಕಿಲ್ಲ, ನೋಡ್ಕೊ.”

ಮಳವಳ್ಳಿಗೆ ಹಿಂದಿರುಗಿ ಮದ್ದೂರಿನ ಬಸ್ಸು ಹಿಡಿದೆವು. ಪದ್ಮ ದಾರಿಯುದ್ದಕ್ಕೂ ಕಿಟಕಿಯಾಚೆ ಕಂಡ ಕೆರೆಗಳ ಹೆಸರನ್ನು ಹೇಳುತ್ತಿದ್ದಳು, ಪರಸ್ಥಳಕ್ಕೆ ಹೊರಟ ಮಗಳು ತವರಿನ ಪಾತ್ರೆಗಳನ್ನು ಒಂದೊಂದಾಗಿ ಮುಟ್ಟಿ ನೋಡುವ ಹಾಗೆ.

ಶಿವಪುರದಲ್ಲಿ ಗಂಡಿನ ತಾಯಿ ಗೌರಮ್ಮನವರು ಕೊಟ್ಟಿಗೆಯಿಂದಲೇ ಕೈ ಒರೆಸಿಕೊಳ್ಳುತ್ತಾ ಬಂದರು. ಮದುವೆಯ ರಾತ್ರಿ ಲಾಡ್ಜಿನಲ್ಲಿ ಮಲಗುವಿರೇನು ಎಂದು ಕೇಳಿದ್ದಕ್ಕೆ ಗೊಳ್ಳೆಂದು ನಕ್ಕರು. “ನಾನಲ್ಲಿ ಮಲೀಕಂಡ್ರೆ ಈ ಐದು ಹಸ ನಿಮ್ ಮನೆಯೋರು ಕರೀತಾರಾ?”

ನನ್ನ ಯಜಮಾನರು ಹಸುವಿನ ಹತ್ತಿರ ನಿಂತ ದೃಶ್ಯವನ್ನು ಕಲ್ಪಿಸಿಕೊಂಡು ಹಸುವಿಗಾಗಿ ಮರುಗಿದೆ. ಆಮೇಲೆ ವಿಷಯ ಹೇಳಿದೆ. ಗೌರಮ್ಮನವರ ನಗು ಮಾಯವಾಯಿತು.

“ಬ್ಯಾಡ ಅಂತ ನಾನ್ಯಾಕ್ ಅನ್ಲವ್ವ? ಬ್ಯಾಡ ಅಂದ್ರೆ ಗಂಡಿನ್ ಕಡೇಲಿ ಜನ ಇಲ್ಲ ಅಂತ ಕಿರುಗಾವ್ಲೋರು ಆಡ್ಕಳಕ್ಕಿಲ್ವಾ?”

ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಪಡೆದವರು ಬೇಡವೆನ್ನುವಂತಿಲ್ಲ. ಇಬ್ಬರಿಗೂ ಬೇಡದ ಕೋಣೆಗಳು ಇಬ್ಬರ ಮಾನವನ್ನೂ ಹಾಸಿ ಹೊದ್ದು ಮಲಗಿದ್ದವು. ಎದ್ದು ಬಂದುಬಿಡೋಣವೆಂದು ಚೀಲ ಹೆಗಲಿಗೇರಿಸಿದ ಪದ್ಮನ ಕೈಯನ್ನು ಹಿಡಿದು ಕೂರಿಸಿದೆ. ‘ಜನ ಇಲ್ಲ’ ಎನಿಸಿಕೊಳ್ಳುವುದೇ ಗೌರಮ್ಮನವರ ಅಳುಕಾದರೆ, ನಮ್ಮ ಹತ್ತಿರ ಇದ್ದದ್ದೇ ಜನ!

“ಬೇಡ ಅನ್ನಬೇಡಿ ಗೌರಮ್ಮ. ನಲವತ್ತೊಂದು ಜನರನ್ನ ನಿಮ್ಮ ಕಡೆಯವರೂಂತ ನಾವು ಕೊಡ್ತೀವಿ. ಎಲ್ಲಾ ಡಾಕ್ಟರುಗಳು” ಎಂದೆ. ಅವರ ಕಣ್ಣರಳಿದ್ದನ್ನು ಕಂಡು ಮನಸ್ಸಾಕ್ಷಿ ಚುಚ್ಚಿ, ಇವರು ರೋಗಿಗಳನ್ನು ನೋಡುವವರಲ್ಲ, ಓದಿ ಡಾಕ್ಟರಾದವರು ಎಂದು ಸೇರಿಸಿದೆ.

“ಸೂಜಿ ಚುಚ್ಚಕ್ಕಿಲ್ವಾ? ಇನ್ನೂ ವಾಸಿ ಬುಡು” ಎಂದ ಗೌರಮ್ಮ ಅಪ್ಪಟ ಬೀಗಿತ್ತಿಯ ಗತ್ತಿನಲ್ಲಿ ಷರತ್ತು ವಿಧಿಸಿದರು. “ಆದ್ರೆ ನನ್ ಕಡೆಯೋರು ಅಂದ್ಮೇಲೆ ನನ್ ದಿಬ್ಬಣದಾಗೇ ಬರ್ಬೇಕು. ಶನಿವಾರ ಮೂರು ಗಂಟ್ಗೆ ನಮ್ ಬಸ್ಸು ಮದ್ದೂರು ಟೇಸನ್ ಮುಂದೆ ನಿಲ್ತದೆ. ಛತ್ರದಾಗೆ ಮುಂದಿನ್ ಸಾಲ್ನಾಗ್ ಕೂರ್ಬೇಕು. ಮಖ ಗಂಟಾಕ್ಕಂಡು ಕೂರಂಗಿಲ್ಲ.”

ಅಲ್ಲಿಂದಲೇ ನಿಂಗಮ್ಮನವರಿಗೆ ಫೋನು ಮಾಡಿ, ಒಂದನ್ನೂ ಮುಚ್ಚಿಡದೆ ಹೇಳಿದೆ. ಆ ಕಡೆ ಬೀಸಣಿಗೆಯ ಸದ್ದು ಒಂದೆರಡು ಸಲ ಕೇಳಿಸಿತು. “ಬೀಗ್ರು ಯಾರ್ನ ಕರ್ಕಂಡ್ ಬಂದ್ರೂ ಅವ್ರು ಬೀಗ್ರೇ ಕಣವ್ವ. ಬರ್ಲಿ” ಎಂದರು.

ಶುಕ್ರವಾರ ಸಂಜೆಗೆ ನನ್ನ ದುಂಡಕ್ಷರದ ಪಟ್ಟಿ ಪ್ರಿನ್ಸಿಪಾಲರ ಮೇಜು ಸೇರಿತು. ಪ್ರಯಾಣದ ಅಂಕಣದಲ್ಲಿ ‘ಮದುಮಗನ ದಿಬ್ಬಣದ ಬಸ್ಸು’ ಎಂದೂ, ವಸತಿಯ ಅಂಕಣದಲ್ಲಿ ‘ಬೀಗರ ಕೋಣೆಗಳು’ ಎಂದೂ ಇತ್ತು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದರಂತೆ. ಅಕ್ಷರಗಳು ಬದಲಾಗಿರಲಿಲ್ಲ. “ಆಗಲಿ. ಆದರೆ ಮಂಗಳವಾರ ಎಲ್ಲರನ್ನೂ ಮೈಸೂರಿಗೆ ಕರೆದುಕೊಂಡು ಹೋಗಿ ಅರಮನೆ ತೋರಿಸೋಣ. ಅಷ್ಟು ದೂರದಿಂದ ಬಂದವರು ಏನಾದರೂ ನೋಡಬೇಕಲ್ಲ” ಎಂದು ಸಹಿ ಹಾಕಿದರು. ಏನಾದರೂ! ಆ ಪದವನ್ನು ನಾನು ಮನಸ್ಸಿನಲ್ಲಿ ಮಡಿಸಿಟ್ಟುಕೊಂಡೆ.

ಎರಡು ವಾರ ಕಳೆದು ಬಂದ ಆ ಲಗ್ನದ ಶನಿವಾರ ಮದ್ದೂರಿನ ಪ್ಲಾಟ್‌ಫಾರಂನಲ್ಲಿ ಕಾಲುಗಳು ಇಳಿದವು. ಬೂಟುಗಳು, ಕೊಲ್ಹಾಪುರಿ ಚಪ್ಪಲಿಗಳು, ಗಾಲಿ ಪೆಟ್ಟಿಗೆಗಳು! ಬೆಂಗಳೂರಿನ ಕಡೆಯಿಂದ ಬಂದ ರೈಲುಗಳಿಂದ ಒಬ್ಬೊಬ್ಬರೇ ಇಳಿದು ಬಂದು, ಹೊರಗೆ ಬಾಳೆಕಂದು ಮಾವಿನ ತೋರಣ ಕಟ್ಟಿಕೊಂಡು ನಿಂತಿದ್ದ ಬಸ್ಸನ್ನು ಕಂಡು, ಸಂಕಿರಣವೊಂದಕ್ಕೆ ಇಷ್ಟು ಸಂಭ್ರಮದ ಸ್ವಾಗತವನ್ನು ತಮ್ಮ ವೃತ್ತಿಜೀವನದಲ್ಲಿಯೇ ಕಂಡಿಲ್ಲವೆಂದರು. ನಾನು ಕಾನ್ವೆಂಟ್ ಇಂಗ್ಲಿಷಿನಲ್ಲಿ ನಿಜ ತಿಳಿಸಿದೆ. ಸಂಭ್ರಮ ಇಮ್ಮಡಿಯಾಯಿತು. ಪುಣೆಯ ಪ್ರಾಧ್ಯಾಪಕರೊಬ್ಬರು ಮದುಮಗನ ಪಕ್ಕದ ಸೀಟನ್ನೇ ಹಿಡಿದರು. ಅಸ್ಸಾಮಿನ ಹಿರಿಯ ಪ್ರಾಧ್ಯಾಪಕಿಯ ಮುಡಿಗೆ ಗೌರಮ್ಮನವರು ಮೈಸೂರು ಮಲ್ಲಿಗೆ ಮುಡಿಸಿ, “ನಮ್ ದೊಡ್ಡಕ್ಕ ಇದ್ದಂಗವ್ರೆ” ಎಂದು ಬಸ್ಸಿಗೆಲ್ಲ ಸಾರಿದರು. ಛತ್ರದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ನಿಂಗಮ್ಮ ಸಾಲುಸಾಲಾಗಿ ಇಳಿದವರನ್ನು ಎಣಿಸುವಂತೆ ನೋಡಿ, ನನ್ನ ಕಿವಿಯಲ್ಲಿ ಅಂದರು: “ಬೀಗ್ರ ಕಡೆಯೋರು ಅಂದ್ರೆ ಇಂಗಿರ್ಬೇಕು ಕಣವ್ವ. ಎಲ್ಲಾ ಕನ್ನಡ್ಕ!”

ಗೌರಮ್ಮನ ನಿಜವಾದ ನೆಂಟರು ಉಂಡು ಹಸುಗಳಿಗಾಗಿ ಊರಿಗೆ ಮರಳಿದರು. ವಿದ್ವಾಂಸರು ಬೀಗರ ಕೋಣೆಗಳಲ್ಲಿ ಮಲಗಿದರು. ಭಾನುವಾರ ಬೆಳಿಗ್ಗೆ ಆ ಕೋಣೆಗಳಿಗೆ ಹೆಣ್ಣಿನ ಮನೆಯಿಂದ ಬೀಗರಿಗೆ ಸಲ್ಲುವ ಕಾಫಿ, ತಾಂಬೂಲಗಳೂ ಬಂದವು. ಊರೆಂದರೆ ನೋಡುವ ವಸ್ತುವೆಂದು ತಿಳಿದದ್ದರಿಂದಲೇ ಇಷ್ಟು ದಿನ ನನಗೆ ನಮ್ಮೂರಿನ ಬಗ್ಗೆ ಕೀಳರಿಮೆಯಿತ್ತೆಂದು ಆಗ ಹೊಳೆಯಿತು. ಅತಿಥಿಗಳಿಗೆ ತೋರಿಸಲು ನಮ್ಮಲ್ಲಿ ಹೆಚ್ಚೇನೂ ಇಲ್ಲದಿರಬಹುದು. ಆದರೆ ಬಂದವರನ್ನು ಒಂದು ಕಡೆಗೆ ಸೇರಿಸಿಕೊಂಡುಬಿಡುತ್ತೇವಲ್ಲ, ಗಂಡಿನ ಕಡೆಗೋ ಹೆಣ್ಣಿನ ಕಡೆಗೋ! ಯಾವುದೋ ಒಂದು ಕಡೆಯವರಾದವರು ಪ್ರೇಕ್ಷಕರಾಗಿ ಉಳಿಯುವುದಿಲ್ಲ.

ಎರಡು ದಿನಗಳ ಗೋಷ್ಠಿಗಳಲ್ಲಿ ಪದ್ಮ ಕೆರೆಗಳ ಬಗ್ಗೆ ಮಾತಾಡಿದ್ದನ್ನು ನೀವು ಕೇಳಬೇಕಿತ್ತು. ಸೋಮವಾರ ಸಮಾರೋಪದಲ್ಲಿ ಪ್ರಿನ್ಸಿಪಾಲರು ಮರುದಿನದ ಮೈಸೂರು ಪ್ರವಾಸದ ವಿವರ ಘೋಷಿಸುತ್ತಿದ್ದಾಗ ಸಭಾಂಗಣದ ಹಿಂಬಾಗಿಲು ತೆರೆದುಕೊಂಡಿತು. ಜರಿಯಂಚಿನ ಸೀರೆಯುಟ್ಟು, ಎಲೆ ಅಡಿಕೆ ತಟ್ಟೆ ಹಿಡಿದ ಗೌರಮ್ಮನವರು ನೇರವಾಗಿ ನಡುವಿನ ಹಾದಿಯಲ್ಲಿ ನಡೆದುಬಂದರು. ನಮ್ಮಲ್ಲಿ ಸೋಮವಾರ ಬಾಡು, ಎಂದರೆ ಮಾಂಸ, ಬೇಯಿಸುವುದಿಲ್ಲವಾದ್ದರಿಂದ ಮದುವೆಯ ಮರುದಿನದ ಬೀಗರೂಟವನ್ನು ಮಂಗಳವಾರಕ್ಕೆ ಇಟ್ಟುಕೊಂಡಿದ್ದರು. ಅದಕ್ಕೆ ಬೀಗರನ್ನಷ್ಟೇ ಅಲ್ಲ, ತಮ್ಮ ಕಡೆಯವರನ್ನೂ ಖುದ್ದಾಗಿ ಕರೆಯಬೇಕಾದದ್ದು ಪದ್ಧತಿ.

“ನಾಳೆ ಎಲ್ಲಾ ಸಿವ್ಪುರಕ್ಕೆ ಬರ್ಬೇಕು. ಬಾಡು ತಿನ್ನದೇ ಇರೋರ್ಗೆ ಬ್ಯಾರೆ ಒಲೆ ಹೂಡಿವ್ನಿ” ಎಂದು ವೇದಿಕೆಯ ಕೆಳಗೆ ನಿಂತೇ ಕರೆದರು. ನಾನು ಅನುವಾದಿಸಿದೆ.

ಪ್ರಿನ್ಸಿಪಾಲರು ತಡವರಿಸಿದರು. “ಅಮ್ಮಾ, ಮೈಸೂರಿಗೆ ಹೋಗೋದು ಆಗಲೇ ಗೊತ್ತಾಗಿದೆ, ಅರಮನೆ ನೋಡಬೇಕು…”

“ಅರ್ಮನೆ ಎಲ್ಲೂ ಓಗಕ್ಕಿಲ್ಲ ಬುಡಿ ಸಾ, ಅಲ್ಲೇ ಇರ್ತದೆ. ಮುದ್ದೆ ಆರೋಯ್ತದೆ.”

ಇದನ್ನೂ ಅನುವಾದಿಸಿದೆ. ಮೊದಲು ಎದ್ದು ನಿಂತು ಕೈಯೆತ್ತಿದವರು ಅಸ್ಸಾಮಿನ ಪ್ರಾಧ್ಯಾಪಕಿ. ಅವರ ಹಿಂದೆ ಪುಣೆಯವರು. ಅವರ ಹಿಂದೆ ಕೇರಳದವರು ಮೂವರು. ನಾನು ಎಣಿಸುತ್ತಾ ಹೋದೆ. ನಲವತ್ತೊಂದಕ್ಕೆ ಒಂದೂ ಕಡಿಮೆಯಿರಲಿಲ್ಲ. ಪದ್ಮ ವೇದಿಕೆಯ ಮೇಲೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಲಗ್ನ ಮುಗಿದಿದ್ದರಿಂದ ಸೋಮವಾರದ ರಾತ್ರಿಗೆ ಅದೇ ಕೋಣೆಗಳು ಬಾಡಿಗೆಗೇ ಸಿಕ್ಕವು. ಮಂಗಳವಾರ ಬೆಳಿಗ್ಗೆ ಮೈಸೂರಿಗೆಂದೇ ಗೊತ್ತುಮಾಡಿದ್ದ ಬಸ್ಸು ವಿದ್ವಾಂಸರನ್ನೆಲ್ಲ ತುಂಬಿಕೊಂಡು ಕಾಲೇಜಿನ ಗೇಟಿನಿಂದ ಹೊರಟು, ಹೆದ್ದಾರಿ ಸೇರುವಲ್ಲಿ ಒಂದು ಕ್ಷಣ ತಡೆಯಿತು. ಡ್ರೈವರು ಯಾವ ಕಡೆಗೆಂದು ತಿರುಗಿ ಕೇಳಿದ. ಮುಂದಿನ ಸೀಟಿನಲ್ಲಿ ಕುಳಿತಿದ್ದ ಪ್ರಿನ್ಸಿಪಾಲರು ನಮ್ಮತ್ತ ನೋಡಲಿಲ್ಲ. ಗಂಟಲು ಸರಿಪಡಿಸಿಕೊಂಡು, ತಮ್ಮ ಜೀವಮಾನದಲ್ಲಿಯೇ ಮೊದಲ ಬಾರಿಗೆಂಬಂತೆ ನಮ್ಮೂರ ದನಿಯಲ್ಲಿ ಅಂದರು:

“ಮದ್ದೂರ್ ಕಡೀಕ್ ತಿರುಗ್ಸಪ್ಪ. ಬೀಗ್ರು ಕಾಯ್ತಾವ್ರೆ.”