ಸುಣ್ಣ ಹಚ್ಚಿದ ಗೋಡೆ

ನಾನು ಜೋಳ ಹಸನು ಮಾಡುತ್ತಿದ್ದಾಗ ನಮ್ಮ ಮನೆಯವರು ಸುದ್ದಿ ತಂದರು. ಧಾರಾವಾಹಿಯವರು ನಮ್ಮೂರು ಸಾಲೋಟಗಿಯ ಎಷ್ಟೋ ಮನೆ ನೋಡಿ ನಮ್ಮ ಅಡುಗೆಮನೆಯನ್ನೇ ಒಪ್ಪಿದ್ದರಂತೆ. ನಾಡಿದ್ದು ಬಂದು ನಮ್ಮತ್ತೆ ರೊಟ್ಟಿ ಬಡಿಯುವುದನ್ನು ಚಿತ್ರೀಕರಿಸುತ್ತಾರಂತೆ. ಅತ್ತೆ ಆಗಲೇ ಟ್ರಂಕಿನಿಂದ ಇಳಕಲ್ ಸೀರೆ ತೆಗೆದರು. ನಾನು ಒಲೆಯ ಹಿಂದಿನ ಮಸಿ ನೋಡಿ ನಾಚಿ, ಮರುದಿನವೇ ಆ ಗೋಡೆಗೆ ಸುಣ್ಣ ಹಚ್ಚಿದೆ.

ಕ್ಯಾಮೆರಾಮನ್ ಬಂದವರೇ ಬಾಗಿಲಲ್ಲಿ ನಿಂತುಬಿಟ್ಟರು. "ಅಮ್ಮಾ, ಆ ಕಪ್ಪು ಗೋಡೆಗಾಗಿಯೇ ಈ ಮನೆ ಆರಿಸಿದ್ದೆ. ಬೆಳಕಿಂಡಿಯ ಬಿಸಿಲು ಕಪ್ಪಿನ ಮುಂದೆ ಎದ್ದು ಕಾಣುತ್ತೆ, ಬಿಳಿ ಗೋಡೆ ಮುಂದೆ ಕಾಣಲ್ಲ. ಬೇರೆ ಮನೆಯೇ ನೋಡಬೇಕೇನೋ."

"ಅವ್ರು ಮಸಿ ನೋಡಾಕ ಬಂದ್ರ, ನೀ ಅದನ್ನ ಅಳಿಸಿ ಕುಂತೀಯಲ್ಲವಾ!" ಎಂದು ಅತ್ತೆ ನಕ್ಕರು. ಆದರೆ ಕೈ ಸೀರೆಯ ಸೆರಗನ್ನು ಮತ್ತೆ ಮತ್ತೆ ಸರಿಮಾಡುತ್ತಿತ್ತು. ಬಸವಣ್ಣಾ, ನನ್ನಿಂದ ಇವರ ಆಸೆ ಕೆಡಬಾರದು ಎಂದುಕೊಂಡೆ.

"ಗ್ವಾಡಿಗೆ ಕರೇ ಕಂಬಳಿ ಕಟ್ಟಿದ್ರ ನಡದೀತೇನ್ರಿ?" ಎಂದು ಕೇಳಿದೆ.

ಅವರ ಮುಖ ಅರಳಿತು. ಕಂಬಳಿ ಕಟ್ಟಿಸಿ, ಬಿಸಿಲಕೋಲು ಒಲೆಯ ಮುಂದೆ ಇಳಿಯುವವರೆಗೆ ಸುಮ್ಮನೆ ಕಾದರು. ಅತ್ತೆ ರೊಟ್ಟಿ ಬಡಿಯತೊಡಗಿದಂತೆ ಆ ಬೆಳಕಿನಲ್ಲಿ ಹಿಟ್ಟಿನ ಧೂಳು ತೇಲಿತು. ಆಮೇಲೆ ಅದನ್ನು ಕ್ಯಾಮೆರಾದ ಸಣ್ಣ ಪರದೆಯಲ್ಲಿ ತೋರಿಸಿದರು. ದಿನಾ ನೋಡುವ ಅತ್ತೆಯ ಮುಖವೇ. ಇಷ್ಟು ಚಂದವೆಂದು ನನಗೇ ತಿಳಿದಿರಲಿಲ್ಲ. ದೇವರು ದೊಡ್ಡವನು.

"ಯವ್ವಾ, ಮುಖದ ಸುಕ್ಕೆಲ್ಲಾ ಕಾಣಾಕತ್ತಾವಲ್ಲ!" ಎಂದರು ಅತ್ತೆ.

"ಕಾಣ್ಲಿ ಬಿಡ್ರಿ, ಅತ್ತ್ಯಾರ. ಅವಕ್ಕೂ ಸುಣ್ಣ ಹಚ್ಚಂದ್ರ ನಾ ಒಲ್ಲೆ!"

ಅವರೆಲ್ಲ ಹೋದ ಮೇಲೆ ಕಂಬಳಿ ಬಿಚ್ಚಿ ಝಾಡಿಸಿದೆ. ಸುಣ್ಣದ ಗೋಡೆಗೆ, ಕಂಬಳಿ ಮುಚ್ಚದಿದ್ದ ಕಡೆ, ಆಗಲೇ ಹೊಗೆ ಹತ್ತಿತ್ತು. ಅದನ್ನು ಒರೆಸದೆ, ಬೇಳೆಗೆ ಎಸರಿಟ್ಟೆ.